ಕಷಾಯದ ಕ್ರಮ: ಬೀಜಕ್ಕೆ ಬೆಂಕಿ, ಎಲೆಗೆ ಮುಚ್ಚಳ

ಕೊಡಗಿನಲ್ಲಿ ಮಳೆ ಹಿಡಿದ ಮೇಲೆ ಕಷಾಯವಿಲ್ಲದ ಮನೆ ಅಪರೂಪ. ಆದರೆ ಶುಂಠಿ, ಮೆಣಸು, ತುಳಸಿ, ಮಜ್ಜಿಗೆ ಹುಲ್ಲು (ನಿಂಬೆಹುಲ್ಲು) ಎಲ್ಲವನ್ನೂ ಒಟ್ಟಿಗೆ ಹಾಕಿ, ಮುಚ್ಚಳವಿಲ್ಲದೆ ಅರ್ಧ ಗಂಟೆ ಕುದಿಸುವವರೇ ಹೆಚ್ಚು. ಆಗ ಲೋಟದಲ್ಲಿ ಉಳಿಯಬೇಕಾದ ಪರಿಮಳವೆಲ್ಲ ಅಡುಗೆಮನೆಯ ಗಾಳಿಗೆ ಸೇರಿ, ಕುಡಿಯುವವರ ಪಾಲಿಗೆ ಕಹಿ ಮಾತ್ರ ಉಳಿಯುತ್ತದೆ.

ಮೊದಲು ಸೊಪ್ಪು ಕೊಯ್ಯುವ ಜಾಗವನ್ನು ನೋಡಿಕೊಳ್ಳಿ. ಮಳೆಗಾಲದ ಮುಂಚೆ ಕಾಫಿಗೂ ಕಾಳುಮೆಣಸಿಗೂ ಮೈಲುತುತ್ತ ಮತ್ತು ಸುಣ್ಣದ, ಬೋರ್ಡೋ ಎಂಬ ಶಿಲೀಂಧ್ರನಾಶಕ ದ್ರಾವಣ ಸಿಂಪಡಿಸಿರುತ್ತಾರಾದ್ದರಿಂದ, ತೋಟದೊಳಗಿನ ಸೊಪ್ಪನ್ನು ಬಿಟ್ಟು ಮನೆಯಂಗಳದ ತುಳಸಿ, ದೊಡ್ಡಪತ್ರೆಗಳನ್ನೇ ಬಳಸಿ.

ನಾಲ್ಕು ಲೋಟ ನೀರಿಗೆ ಒಂದು ಇಂಚು ಶುಂಠಿ, ಹತ್ತು ಕಾಳುಮೆಣಸು, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ ಸಾಕು. ಇವನ್ನು ತರಿತರಿಯಾಗಿ ಜಜ್ಜಿ, ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುವಷ್ಟೇ ಉರಿಯಲ್ಲಿ, ನೀರು ಮೂರು ಲೋಟಕ್ಕೆ ಇಳಿಯುವವರೆಗೆ ಕುದಿಸಿ. ನುಣ್ಣಗೆ ಪುಡಿ ಮಾಡಿದರೆ ಎಷ್ಟು ಸೋಸಿದರೂ ತಳದಲ್ಲಿ ಗಸಿ ನಿಲ್ಲುತ್ತದೆ. ಅಂಗಡಿಯ ಸಿದ್ಧ ಕಷಾಯದ ಪುಡಿ ನನಗೆ ಸಮ್ಮತವಲ್ಲ. ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿ ಪ್ರಮಾಣದ ಇಳಿಕೆಯ ಕ್ರಮದಲ್ಲಿರುತ್ತದೆ. ಮೊದಲ ಹೆಸರೇ ಸಕ್ಕರೆಯಾಗಿದ್ದರೆ ಅದನ್ನು ಅಲ್ಲೇ ಇಟ್ಟು ಬನ್ನಿ.

ಇನ್ನು ಎಲೆಯ ಸರದಿ. ಹೆಚ್ಚಿನವರು ಕೆಡಿಸುವುದು ಇಲ್ಲೇ. ಒಲೆ ಆರಿಸಿ, ಕುದಿ ಪೂರ್ತಿ ಅಡಗಿದ ಮೇಲೆ, ಹತ್ತು ಹನ್ನೆರಡು ತುಳಸಿ ಎಲೆ, ಒಂದು ಗರಿ ಮಜ್ಜಿಗೆ ಹುಲ್ಲು, ಎರಡು ದೊಡ್ಡಪತ್ರೆಯನ್ನು ಕೈಯಲ್ಲೇ ಹರಿದು ಹಾಕಿ, ಸೌಟಿನಿಂದ ನೀರೊಳಗೆ ಒತ್ತಿ, ಆವಿ ಹೊರಬೀಳದಂತೆ ಮುಚ್ಚಿ. ಈ ಎಲೆಗಳ ಪರಿಮಳವಿರುವುದು ಬೇಗ ಆವಿಯಾಗುವ ಎಣ್ಣೆಯಂಶದಲ್ಲಿ. ಏಳು ನಿಮಿಷದವರೆಗೆ ಮುಚ್ಚಳ ತೆಗೆದು ಇಣುಕಬೇಡಿ. ತೆಗೆಯುವಾಗ ಅದರ ಒಳಮೈಯಲ್ಲಿ ಕೂತ ಹನಿಗಳನ್ನು ಸಿಂಕಿಗೆ ಕೊಡವದೆ, ಮುಚ್ಚಳವನ್ನು ಓರೆ ಮಾಡಿ ಕಷಾಯಕ್ಕೇ ಇಳಿಸಿ. ಆಮೇಲೆ ಸೋಸಿ. ಎಲೆ ಹೆಚ್ಚು ಹೊತ್ತು ನೆನೆದರೆ ಒಗರು ಬಿಡುತ್ತದೆ.

ಸಿಹಿಗೆ ಬೆಲ್ಲವೇ ಸರಿ. ಜೇನು ಹಾಕುವುದಾದರೆ ಕಷಾಯ ಉಗುರುಬೆಚ್ಚಗಾಗುವವರೆಗೆ ಕಾಯಿರಿ.

ಕೊಡಗಿನ ಮದ್ದುಸೊಪ್ಪೆಂಬ ಔಷಧಿ ಗಿಡದ ಕ್ರಮವೇ ಬೇರೆ. ಕೊಡವರ ಪಂಚಾಂಗದ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಅದನ್ನು ದಂಟು ಸಮೇತ ಚೆನ್ನಾಗಿ ಕುದಿಸಿ, ಕಡು ನೇರಳೆ ರಸ ತೆಗೆದು ಪಾಯಸ ಮಾಡುತ್ತಾರೆ. ಅದು ಆ ಹೊತ್ತಿನ ಊಟ. ಅದನ್ನು ದಿನನಿತ್ಯದ ಕಷಾಯಕ್ಕೆ ಬೆರೆಸಬೇಡಿ.

ದಿನಕ್ಕೆ ಒಂದು ಲೋಟ ಸಾಕು. ಗಂಟಲು ಕೆರೆತಕ್ಕೆಂದು ಜ್ಯೇಷ್ಠಮಧು ಸೇರಿಸುವ ರೂಢಿಯಿದೆ, ಆದರೆ ಅದು ರಕ್ತದೊತ್ತಡವನ್ನು ಏರಿಸಬಲ್ಲದು. ಗರ್ಭಿಣಿಯರೂ, ಮಧುಮೇಹ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರೂ ವೈದ್ಯರನ್ನು ಕೇಳಿಯೇ ಕಷಾಯದ ರೂಢಿ ಮಾಡಿಕೊಳ್ಳಬೇಕು. ಜ್ವರ ಮೂರು ದಿನ ದಾಟಿದರೆ ಕಷಾಯವನ್ನು ನಂಬಿ ಕೂರದೆ ಆಸ್ಪತ್ರೆಗೆ ಹೋಗಿ. ಉಸಿರಾಟಕ್ಕೆ ತೊಂದರೆಯಾದರೆ ಅಷ್ಟೂ ಕಾಯಬೇಡಿ.