ಚಪ್ಪಲಿ ಸದ್ದು ನಿಂತರೆ ಭಯ

ನಾನು ಗೊಡೊ ಅನ್ನುವ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಒಂದು ಚಿಕ್ಕ ಹಾರರ್ ಗೇಮ್ ಮಾಡುತ್ತಿದ್ದೇನೆ. ಆಫೀಸ್ ಮುಗಿದ ಮೇಲೆ ಮಾಡುವ ಕೆಲಸ. ಮುಚ್ಚಿಹೋದ ಒಂದು ರೈಸ್ ಮಿಲ್, ರಾತ್ರಿ ಹೊತ್ತು. ಒಳಗೆ ಆಡುವವರು, ಜೊತೆಗೆ ಅವರನ್ನು ಹುಡುಕುವ ಇನ್ನೊಬ್ಬ. ಕೈಯಲ್ಲಿ ಆಯುಧ ಇಲ್ಲ.

ಶುರು ಮಾಡುವ ಮೊದಲು ಹಳೇ ಗೇಮ್‌ಗಳನ್ನು ಮತ್ತೆ ಆಡಿದೆ, ಈ ಸಲ ಬಿಚ್ಚಿ ನೋಡುವುದಕ್ಕೆ. ಜಾಸ್ತಿ ಕಲಿತದ್ದು 2014ರ ‘ಏಲಿಯನ್: ಐಸೊಲೇಷನ್’ನಿಂದ. ಅಲ್ಲಿ ನಿಮ್ಮನ್ನು ಬೇಟೆಯಾಡುವ ಏಲಿಯನ್ ಹಿಂದೆ ಎರಡು ಪ್ರೋಗ್ರಾಂ ಕೆಲಸ ಮಾಡುತ್ತವೆ. ಮೇಲಿನದಕ್ಕೆ ನೀವು ಎಲ್ಲಿದ್ದೀರಿ ಅಂತ ಯಾವಾಗಲೂ ಗೊತ್ತು. ಆದರೆ ಏಲಿಯನ್‌ಗೆ ಅದು ಪೂರ್ತಿ ಹೇಳುವುದಿಲ್ಲ. ‘ಈ ಕಡೆ ಹುಡುಕು’ ಅಂತ ಸುಳಿವು ಕೊಟ್ಟು ಸುಮ್ಮನಾಗುತ್ತದೆ. ಉಳಿದದ್ದನ್ನು ಏಲಿಯನ್ ತನ್ನ ಕಣ್ಣು, ಕಿವಿಯಿಂದಲೇ ಹುಡುಕಬೇಕು. ತುಂಬಾ ಹೊತ್ತು ನಿಮ್ಮ ಸುತ್ತಲೇ ಸುಳಿದಾಡಿದರೆ ಅದನ್ನು ದೂರ ಕಳಿಸುವುದೂ ಆ ಮೇಲಿನ ಪ್ರೋಗ್ರಾಮೇ.

ನಾನೂ ಅದನ್ನೇ ಸಣ್ಣದಾಗಿ ಮಾಡಿಕೊಂಡೆ. ಮೇಲಿನ ಪ್ರೋಗ್ರಾಂಗೆ ‘ಮೇಸ್ತ್ರಿ’ ಅಂತ ಹೆಸರು. ಮೇಸ್ತ್ರಿ ಹತ್ತಿರ 0ಯಿಂದ 100ರವರೆಗಿನ ಒಂದು ಅಂಕಿ ಇದೆ. ಮಿಲ್ಲಿನ ಆ ಇನ್ನೊಬ್ಬ ಆಡುವವರ ಹತ್ತಿರ ಇದ್ದಷ್ಟು ಹೊತ್ತು ಅದು ಏರುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಬೇಗ ಏರುತ್ತದೆ. 80 ದಾಟಿದರೆ ಮೇಸ್ತ್ರಿ ಅವನನ್ನು ಮಿಲ್ಲಿನ ಆ ತುದಿಗೆ ಅಟ್ಟುತ್ತದೆ. 20ಕ್ಕೆ ಇಳಿದ ಮೇಲೆ ಮತ್ತೆ ಸುಳಿವು. ಈ ಬಿಡುವು ಬೇಕೇ ಬೇಕು. ಉಸಿರು ಬಿಡುವುದಕ್ಕೆ ಅವಕಾಶ ಕೊಡದಿದ್ದರೆ ಜನಕ್ಕೆ ಭಯ ಹೋಗಿ ಸಿಟ್ಟು ಬರುತ್ತದೆ.

ಆದರೆ ನನ್ನ ಸಮಯವೆಲ್ಲ ತಿಂದದ್ದು ಸದ್ದು. 1999ರ ‘ಸೈಲೆಂಟ್ ಹಿಲ್’ನಲ್ಲಿ ಏನಾದರೂ ಹತ್ತಿರ ಬಂದರೆ ಜೇಬಿನ ರೇಡಿಯೋ ಕರಕರ ಅನ್ನುತ್ತದೆ. ಬಂದಿದೆ ಅಂತ ಹೇಳುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ. 2010ರ ‘ಅಮ್ನೀಸಿಯಾ’ದಲ್ಲಿ ನೀರು ತುಂಬಿದ ಒಂದು ಜಾಗ ಬರುತ್ತದೆ. ಅಲ್ಲಿರುವ ಪ್ರಾಣಿ ಕಾಣುವುದೇ ಇಲ್ಲ, ನೀರಿನಲ್ಲಿ ಚಳಪಳ ಹೆಜ್ಜೆ ಏಳುತ್ತದೆ ಅಷ್ಟೇ. ಅರ್ಧ ಗೊತ್ತಾದಾಗ ಉಳಿದರ್ಧವನ್ನು ನಾವೇ ತುಂಬಿಕೊಳ್ಳುತ್ತೇವೆ, ಅಲ್ವಾ?

ನನ್ನವನು ಹವಾಯಿ ಚಪ್ಪಲಿ ಹಾಕಿದ್ದಾನೆ. ಸಿಮೆಂಟ್ ನೆಲದ ಮೇಲೆ ನಾನೇ ನಡೆದು ರೆಕಾರ್ಡ್ ಮಾಡಿದ್ದು. ಚಪ್ಪಲಿ ನೆಲಕ್ಕೆ ಬಡಿಯುವುದು ಒಂದು ಸದ್ದು, ಹಿಮ್ಮಡಿಗೆ ಬಡಿಯುವುದು ಇನ್ನೊಂದು. ಎರಡನ್ನೂ ಬೇರೆ ಬೇರೆ ಫೈಲ್ ಮಾಡಿಟ್ಟರೆ ನಡಿಗೆ ನಿಧಾನವಾದಾಗ ಅವುಗಳ ನಡುವಿನ ಅಂತರ ಹಿಗ್ಗಿಸಬಹುದು. ಅವನಿಗೂ ಆಡುವವರ ಕಣ್ಣಾದ ಕ್ಯಾಮೆರಾಗೂ ನಡುವೆ ರೇಕಾಸ್ಟ್ ಅನ್ನುವ ಕಾಣದ ಗೆರೆ ಬಿಡುತ್ತೇನೆ. ಗೋಡೆ ತಗುಲಿದರೆ ಲೋ-ಪಾಸ್ ಫಿಲ್ಟರ್ ಹಾಕಿ 800 ಹರ್ಟ್ಸ್‌ಗಿಂತ ಮೇಲಿನ ಚೂಪು ಸದ್ದನ್ನು ತಗ್ಗಿಸುತ್ತೇನೆ. ಸದ್ದು ಮಂಕಾಗಿ, ಅವನು ಪಕ್ಕದ ಗೋಡೌನ್‌ನಲ್ಲಿದ್ದಾನೆ ಅನ್ನಿಸುತ್ತದೆ.

ಮಿಲ್ಲಿನ ಹಿಂಭಾಗದಲ್ಲಿ ಭತ್ತದ ಹೊಟ್ಟಿನ ರಾಶಿ ಇದೆ. ಹೊಟ್ಟು ಹರಡಿದ ಕಡೆ ಚಪ್ಪಲಿ ಸದ್ದು ಕೇಳುವುದಿಲ್ಲ. ಇಡೀ ಗೇಮ್ ನಿಂತಿರುವುದು ಇದರ ಮೇಲೆ. ನನ್ನ ಗೆಳೆಯ ಆ ಚಪ್ಪಲಿ ಸದ್ದು ಕೇಳಿದ ಕೂಡಲೇ ಜೋರಾಗಿ ನಕ್ಕ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು, ಗೇಮ್‌ನಲ್ಲಿ ಭತ್ತ ಮೇಲೆತ್ತುವ ಎಲಿವೇಟರ್ ಹಿಂದೆ ಅಡಗಿ ಕೂತ. ಟಪ್ ಟಪ್ ಬರುತ್ತಿತ್ತು, ಬರುತ್ತಿತ್ತು, ನಿಂತಿತು. “ಲೋ, ಎಲ್ಲೋದ್ನೋ ಅವನು?” ಅಂದ. ಕೀಬೋರ್ಡಿನಿಂದ ಕೈ ತೆಗೆದುಬಿಟ್ಟಿದ್ದ. ನಾನು ಪರೀಕ್ಷೆ ಮಾಡುವಾಗ ನೋಡುವುದು ಇದನ್ನೇ. ಕಿರುಚಿದರೆ ಅದಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ. ಧಡ್ ಅಂತ ಮುಖ ತೋರಿಸಿದರೆ ಯಾರಾದರೂ ಬೆಚ್ಚಿಬೀಳುತ್ತಾರೆ, ಎರಡನೇ ಸಲ ಅದು ನಡೆಯುವುದೂ ಕಷ್ಟ. ಆಡುವವರು ಮುಂದೆ ಹೋಗುವುದಕ್ಕೆ ಒಪ್ಪದೆ ಸುಮ್ನೆ ನಿಂತುಬಿಟ್ಟರೆ ಕೆಲಸ ಆಗಿದೆ ಅಂತ ಲೆಕ್ಕ.

ಬಿಸಿಲಿಗೆ ಕಾದ ತಗಡಿನ ಶೀಟು ಸಂಜೆ ತಣ್ಣಗಾಗುವಾಗ ಟಕ್ ಅನ್ನುತ್ತದೆ. ಅದನ್ನೂ ಹಾಕಿದ್ದೇನೆ. ಅದಕ್ಕೂ ಅವನಿಗೂ ಸಂಬಂಧವೇ ಇಲ್ಲ, ಯಾವಾಗ ಬೇಕಾದರೂ ಬರುತ್ತದೆ. ಆದರೂ ಎಲ್ಲರೂ ತಲೆ ಎತ್ತಿ ನೋಡುತ್ತಾರೆ.

ಇನ್ನು ಸೇವ್ ಮಾಡುವುದು, ಅಂದರೆ ಆಡಿದಷ್ಟನ್ನು ಉಳಿಸಿಕೊಳ್ಳುವುದು. 1996ರ ‘ರೆಸಿಡೆಂಟ್ ಈವಿಲ್’ನಲ್ಲಿ ಸೇವ್ ಮಾಡುವ ಟೈಪ್‌ರೈಟರ್‌ಗೆ ಇಂಕ್ ರಿಬ್ಬನ್ ಬೇಕಿತ್ತು, ರಿಬ್ಬನ್ ಸಿಗುತ್ತಿದ್ದದ್ದು ಕಡಿಮೆ. ‘ಏಲಿಯನ್: ಐಸೊಲೇಷನ್’ನಲ್ಲಿ ಸೇವ್ ಆಗುವುದಕ್ಕೆ ಕೆಲವು ಸೆಕೆಂಡ್ ಬೇಕು, ಅಷ್ಟರಲ್ಲೇ ಏಲಿಯನ್ ಬಂದು ಕೊಲ್ಲಬಹುದು. ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದವನನ್ನು ಹೆದರಿಸುವುದು ಹೇಗೆ? ನನ್ನ ಮಿಲ್ಲಿನ ಆಫೀಸ್ ರೂಮಿನಲ್ಲಿ ಒಂದು ಲೆಕ್ಕದ ಪುಸ್ತಕ ಇದೆ. ಅದರಲ್ಲಿ ಬರೆದರೆ ಸೇವ್. ಬರೆಯುವಾಗ ಬಾಗಿಲಿಗೆ ಬೆನ್ನು ಹಾಕಿಯೇ ಕೂರಬೇಕು.

ಅವನ ಮುಖ ಹೇಗಿದೆ ಅಂತ ಎಲ್ಲರೂ ಕೇಳುತ್ತಾರೆ. ಮಾಡೇ ಇಲ್ಲ. ಅವನು ಹಿಡಿದ ಕ್ಷಣಕ್ಕೆ ಟಾರ್ಚ್ ಆರಿ ಪರದೆ ಕಪ್ಪಾಗುತ್ತದೆ. ಮೊದಲ ಪ್ಲೇಸ್ಟೇಷನ್‌ಗೆ ದೂರದವರೆಗೆ ಚಿತ್ರ ಬಿಡಿಸುವ ಶಕ್ತಿ ಇರಲಿಲ್ಲ, ಅದನ್ನು ಮುಚ್ಚುವುದಕ್ಕೆ ‘ಸೈಲೆಂಟ್ ಹಿಲ್’ ತಂಡ ಊರಿಗೆಲ್ಲ ಮಂಜು ಕವಿಸಿತು. ನನಗೆ ಬರದೇ ಇರುವುದು 3ಡಿ ಮಾಡೆಲಿಂಗ್.