ಎಂಜಿನ್ ಕಂಪನಿಯ ಷೇರು ಕೊಳ್ಳಬೇಕಾ? ಮೊದಲು ಗಂಟೆ ಲೆಕ್ಕ ಹಾಕುವುದು ಹೇಗೆ

ಇಂಗ್ಲೆಂಡಿನ ಡರ್ಬಿಯಲ್ಲಿರುವ ನಮ್ಮ ಭಾವ ಭಾನುವಾರ ಫೋನ್ ಮಾಡಿದರೆ ಅರ್ಧ ಗಂಟೆ ಮಳೆ, ಮಕ್ಕಳು, ಅಕ್ಕನ ಮಂಡಿನೋವು. ಇನ್ನರ್ಧ ಗಂಟೆ ರೋಲ್ಸ್ ರಾಯ್ಸ್ ಷೇರು. ಆ ಊರಲ್ಲಿ ಅದು ಸಹಜವೇ. ವಿಮಾನದ ಎಂಜಿನ್ ಜೋಡಿಸುವ ಕಾರ್ಖಾನೆ ಇರುವುದೇ ಅಲ್ಲಿ.

2022ರ ಸೆಪ್ಟೆಂಬರ್ ಕೊನೆಗೆ ಈ ಷೇರು 70 ಪೆನ್ಸ್‌ಗಿಂತ ಕೆಳಗಿತ್ತು (100 ಪೆನ್ಸ್ ಅಂದರೆ ಒಂದು ಪೌಂಡ್). 2025ರ ಜುಲೈನಲ್ಲಿ 1,000 ಪೆನ್ಸ್ ದಾಟಿತು. ಭಾವ 90ಕ್ಕೆ ಕೊಂಡು 180ಕ್ಕೆ ಮಾರಿದ್ದರು. ದುಡ್ಡು ದುಪ್ಪಟ್ಟಾಯ್ತು ಎಂದು ಅವತ್ತು ಮನೆಯಲ್ಲಿ ಹೋಳಿಗೆ. ಈಗ ಆ ಹೋಳಿಗೆ ಮಾತೆತ್ತಿದರೆ ಅವರಿಗೆ ಸಿಟ್ಟು. ಅವರ ಗೆಳೆಯರೊಬ್ಬರು 800ಕ್ಕೆ ಕೊಂಡು, ಇನ್ನೂ ಏರುತ್ತೆ ಅಂತಾರೆ. ‘ಇಷ್ಟು ಏರಿದ ಮೇಲೆ ಇನ್ನೇನು ಉಳಿದಿದೆಯೋ?’ ಎನ್ನುವುದು ಭಾವನ ವಾದ. ಇಬ್ಬರೂ ನೋಡುತ್ತಿರುವುದು ಮೊಬೈಲಿನ ಗೆರೆಯನ್ನು. ಎಂಜಿನ್ ಕಡೆ ಇಬ್ಬರ ಕಣ್ಣೂ ಹೋಗಿಲ್ಲ.

ನಮ್ಮೂರಲ್ಲೂ ಎಚ್‌ಎಎಲ್ ಷೇರಿನ ಬಗ್ಗೆ ಇದೇ ಥರ ವಾದ ನಡೆಯುತ್ತದೆ. ಅದನ್ನು ಆಮೇಲೆ ನೋಡೋಣ. ಮೊದಲು ರೋಲ್ಸ್ ರಾಯ್ಸ್ ಉದಾಹರಣೆಯನ್ನೇ ಹಿಡಿದು, ಎಂಜಿನ್ ಕಂಪನಿಯ ಲೆಕ್ಕವನ್ನು ಓದುವ ಬಗೆ ನೋಡೋಣ. ಕೊಳ್ಳಿ, ಮಾರಿ ಎಂದು ಹೇಳುವ ಕೆಲಸ ನನ್ನದಲ್ಲ.

ಹೆಜ್ಜೆ 1: ಯಾವ ಕಂಪನಿ ಅಂತ ಖಚಿತ ಮಾಡಿಕೊಳ್ಳಿ

ನಗಬೇಡಿ. ರೋಲ್ಸ್ ರಾಯ್ಸ್ ಅಂದರೆ ಕಾರು ಎಂದುಕೊಂಡೇ ಷೇರು ಹುಡುಕುವವರಿದ್ದಾರೆ. ಕಾರು ಬಿಎಂಡಬ್ಲ್ಯು ಕಂಪನಿಯದು. ಲಂಡನ್ ಪೇಟೆಯಲ್ಲಿರುವ ರೋಲ್ಸ್ ರಾಯ್ಸ್ ಹೋಲ್ಡಿಂಗ್ಸ್ ಮಾಡುವುದು ವಿಮಾನದ ಎಂಜಿನ್, ಯುದ್ಧವಿಮಾನ ಮತ್ತು ಜಲಾಂತರ್ಗಾಮಿಗಳಿಗೆ ಬೇಕಾದ ಯಂತ್ರಗಳು, ದೊಡ್ಡ ಡೀಸೆಲ್ ಜನರೇಟರ್‌ಗಳು.

ಇವೆರಡೂ ಬೇರೆಯಾದದ್ದಕ್ಕೂ ಒಂದು ಎಂಜಿನ್ನೇ ಕಾರಣ. ಅಮೆರಿಕದ ವಿಮಾನ ತಯಾರಕ ಲಾಕ್‌ಹೀಡ್ ಕಂಪನಿಗೆ ಆರ್‌ಬಿ211 ಎಂಜಿನ್ ಕೊಡುವುದಾಗಿ ಮೊದಲೇ ಬೆಲೆ ಹೇಳಿ ಒಪ್ಪಿಕೊಂಡಿದ್ದರು. ತಯಾರಿಸುವ ಖರ್ಚು ಕೈಮೀರಿತು. 1971ರ ಫೆಬ್ರುವರಿ 4ರಂದು ಕಂಪನಿ ದಿವಾಳಿ. ಸರ್ಕಾರ ಎಂಜಿನ್ ವಿಭಾಗವನ್ನು ತನ್ನ ವಶಕ್ಕೆ ತೆಗೆದುಕೊಂಡಿತು, ಕಾರು ಬೇರೆ ದಾರಿ ಹಿಡಿಯಿತು. 1987ರಲ್ಲಿ ಎಂಜಿನ್ ಕಂಪನಿ ಮತ್ತೆ ಷೇರುಪೇಟೆಗೆ ಬಂತು. ತಮಾಷೆ ಏನೆಂದರೆ, ಕಂಪನಿಯನ್ನು ಮುಳುಗಿಸಿದ ಅದೇ ಆರ್‌ಬಿ211 ವಂಶದ್ದೇ ಇವತ್ತು ಅನ್ನ ಹಾಕುತ್ತಿರುವ ಟ್ರೆಂಟ್ ಎಂಜಿನ್.

ಹೆಜ್ಜೆ 2: ದುಡ್ಡು ಎಲ್ಲಿ ಹುಟ್ಟುತ್ತದೆ ನೋಡಿ

ಊರಲ್ಲಿ ಜೆಸಿಬಿ ಬಾಡಿಗೆಗೆ ಕರೆಸುತ್ತೀರಲ್ಲ, ಗಂಟೆಗೆ ಇಷ್ಟು ಅಂತ. ಓಡಿದರೆ ಮಾತ್ರ ಮೀಟರ್. ಮಧ್ಯದಲ್ಲಿ ಹೋಸ್ ಪೈಪ್ ಒಡೆದರೆ ರಿಪೇರಿ ಖರ್ಚು ಮಾಲೀಕನದು, ನಿಂತ ಗಂಟೆಯ ಬಾಡಿಗೆಯೂ ಅವನಿಗಿಲ್ಲ.

ದೊಡ್ಡ ವಿಮಾನದ ಎಂಜಿನ್ ವ್ಯಾಪಾರ ಹೆಚ್ಚುಕಮ್ಮಿ ಹೀಗೇ. ಎಂಜಿನ್ನನ್ನು ಲಾಭ ನೋಡದೆ, ಎಷ್ಟೋ ಸಲ ನಷ್ಟಕ್ಕೇ ಮಾರುತ್ತಾರೆ. ಆಮೇಲೆ ಅದು ಹಾರಿದ ಪ್ರತಿ ಗಂಟೆಗೂ ವಿಮಾನ ಕಂಪನಿಯಿಂದ ಹಣ ಪಡೆಯುತ್ತಾರೆ. ಹತ್ತಿಪ್ಪತ್ತು ವರ್ಷ ಹೀಗೆ. ರಿಪೇರಿಯ ಹೊಣೆ ಎಂಜಿನ್ ಮಾಡಿದವನದು. 1962ರಲ್ಲಿ ಬ್ರಿಸ್ಟಲ್ ಸಿಡ್ಲಿ ಎಂಬ ಕಂಪನಿ ವೈಪರ್ ಎಂಜಿನ್ನಿಗೆ ಶುರು ಮಾಡಿದ ಪದ್ಧತಿ ಇದು. ಆ ಕಂಪನಿಯನ್ನು ರೋಲ್ಸ್ ರಾಯ್ಸ್ ಕೊಂಡಾಗ ಪದ್ಧತಿಯೂ ಜೊತೆಗೆ ಬಂತು.

ಹಾಗಾಗಿ ‘ಇನ್ನೂರು ಎಂಜಿನ್ ಆರ್ಡರ್ ಸಿಕ್ತಂತೆ!’ ಎಂದು ಯಾರಾದರೂ ಕುಣಿದರೆ ಸುಮ್ನೆ ಕೇಳಿಸಿಕೊಳ್ಳಿ. ಆ ಆರ್ಡರಿನ ಲಾಭ ಕಾಣುವುದು ಎಷ್ಟೋ ವರ್ಷದ ನಂತರ. ಅದೂ ಎಂಜಿನ್ ಸರಿಯಾಗಿ ಓಡಿದರೆ.

ಹೆಜ್ಜೆ 3: ಹಾರಿದ ಗಂಟೆಗಳನ್ನು ಎತ್ತಿ ಬರೆದುಕೊಳ್ಳಿ

ಪ್ರತಿ ಫಲಿತಾಂಶದಲ್ಲೂ ಕಂಪನಿ ತನ್ನ ದೊಡ್ಡ ಎಂಜಿನ್‌ಗಳು ಎಷ್ಟು ಗಂಟೆ ಹಾರಿದವು ಎಂದು ಹೇಳುತ್ತದೆ. 2019ನ್ನು 100 ಎಂದಿಟ್ಟುಕೊಂಡರೆ 2020ರಲ್ಲಿ 43, 2022ರಲ್ಲಿ 65, 2023ರಲ್ಲಿ 88, 2024ರಲ್ಲಿ 103. ಷೇರಿನ ಕಥೆಯ ಅರ್ಧ ಈ ನಾಲ್ಕು ಅಂಕಿಗಳಲ್ಲೇ ಇದೆ. ಕೊರೊನಾ ಕಾಲದಲ್ಲಿ ವಿಮಾನಗಳು ನಿಂತವು, ಮೀಟರೂ ನಿಂತಿತು. 2020 ಒಂದೇ ವರ್ಷದಲ್ಲಿ 420 ಕೋಟಿ ಪೌಂಡ್ ನಗದು ಹೊರಗೆ ಹರಿಯಿತು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾವು ದಿನಾ ಹತ್ತುವ ಏರ್‌ಬಸ್ ಎ320, ಬೋಯಿಂಗ್ 737 ವಿಮಾನಗಳಿಗೆ ಈ ಕಂಪನಿ ಎಂಜಿನ್ ಮಾರುತ್ತಿಲ್ಲ. ಎ320ರ ಎಂಜಿನ್ ಕೂಟದಲ್ಲಿದ್ದ ಪಾಲನ್ನು 2012ರಲ್ಲೇ ಮಾರಿಕೊಂಡಿತು. ಅದರ ಅನ್ನ ಇರುವುದು ದೂರ ಹಾರುವ ಅಗಲ ವಿಮಾನಗಳಲ್ಲಿ. ಎ350ಕ್ಕೆ, ಹೊಸ ಎ330ಕ್ಕೆ ಎಂಜಿನ್ ಕೊಡುವುದು ಇದೊಂದೇ. ಏರ್ ಇಂಡಿಯಾದ ಎ350ಗಳಲ್ಲಿರುವುದು ಇವರ ಟ್ರೆಂಟ್ ಎಕ್ಸ್‌ಡಬ್ಲ್ಯುಬಿ. 2024ರ ಏಪ್ರಿಲ್‌ನಲ್ಲಿ ಇಂಡಿಗೊ 30 ಎ350 ಆರ್ಡರ್ ಕೊಟ್ಟಾಗ ಡರ್ಬಿಯಲ್ಲೂ ಖುಷಿಪಟ್ಟಿದ್ದು ಅದಕ್ಕೇ. ಬೋಯಿಂಗ್ 787ಕ್ಕೆ ಮಾತ್ರ ಎದುರಾಳಿ ಇದ್ದಾನೆ, ಅಮೆರಿಕದ ಎಂಜಿನ್ ಕಂಪನಿ ಜಿಇ. ಅಲ್ಲಿ ಜಿಇ ಕೈಯೇ ಮೇಲು.

ಹೆಜ್ಜೆ 4: ಎಂಜಿನ್ ಎಷ್ಟು ದಿನ ರೆಕ್ಕೆ ಬಿಟ್ಟು ಇಳಿಯದೆ ಇರುತ್ತದೆ?

ನನ್ನ ಕೇಳಿದರೆ ಇಡೀ ವಾದ ನಿಲ್ಲುವುದೋ ಬೀಳುವುದೋ ಈ ಪ್ರಶ್ನೆಯ ಮೇಲೆ. ಗಂಟೆಗೆ ದುಡ್ಡು ಬರುವ ವ್ಯಾಪಾರದಲ್ಲಿ ಎಂಜಿನ್ನನ್ನು ಬಿಚ್ಚಿ ವರ್ಕ್‌ಶಾಪಿಗೆ ತಂದಷ್ಟೂ ಖರ್ಚು. ಎರಡು ರಿಪೇರಿಗಳ ನಡುವಿನ ಅಂತರ ಹೆಚ್ಚಾದಷ್ಟೂ ಲಾಭ.

ಒಮ್ಮೆ ಎಂಜಿನ್ನಿನ ಒಳಗೆ ಇಣುಕೋಣ. ಮುಂದೆ ಕಾಣುವ ಫ್ಯಾನ್ ಎಕ್ಸ್‌ಡಬ್ಲ್ಯುಬಿಯಲ್ಲಿ ಸುಮಾರು 3 ಮೀಟರ್ ಅಗಲ. ನಿಜವಾದ ತಲೆನೋವು ಅದರ ಹಿಂದೆ, ಬೆಂಕಿಯ ಪಕ್ಕ ಕೂತ ಟರ್ಬೈನಿನ ಪುಟ್ಟ ಎಲೆಗಳಲ್ಲಿ (ಬ್ಲೇಡ್). ಅಂಗೈಯಲ್ಲಿ ಹಿಡಿಸುವಷ್ಟು ಲೋಹ. ಸುತ್ತ ನುಗ್ಗುವ ಗಾಳಿಯ ಬಿಸಿ ಆ ಲೋಹ ಕರಗುವ ಮಟ್ಟಕ್ಕಿಂತ ಜಾಸ್ತಿ. ಆದರೂ ಕರಗುವುದಿಲ್ಲ. ಇಡೀ ಎಲೆಯನ್ನು ಒಂದೇ ಹರಳಾಗಿ ಬೆಳೆಸಿರುತ್ತಾರೆ, ಒಳಗೆ ಟೊಳ್ಳು ದಾರಿ ಬಿಟ್ಟಿರುತ್ತಾರೆ. ಸಣ್ಣ ಸಣ್ಣ ತೂತುಗಳಿಂದ ಹೊರಬರುವ ತಂಪು ಗಾಳಿ ಎಲೆಯ ಮೈಮೇಲೆ ಹೊದಿಕೆಯಂತೆ ಹರಡಿಕೊಳ್ಳುತ್ತದೆ. ಮರಳು, ದೂಳು ಸೇರಿ ಆ ತೂತು ಮುಚ್ಚಿಕೊಂಡರೆ? ಎಲೆ ಬೇಗ ಸವೆಯುತ್ತದೆ, ಎಂಜಿನ್ ಬೇಗ ಇಳಿಯುತ್ತದೆ, ಲೆಕ್ಕದ ಪುಸ್ತಕದಲ್ಲಿ ಕೆಂಪು ಅಂಕಿ ಏಳುತ್ತದೆ.

787ರ ಟ್ರೆಂಟ್ 1000ದಲ್ಲಿ ಇಂಥದ್ದೇ ಆಯ್ತು. 2016ರಿಂದ ಒಳಗಿನ ಎಲೆಗಳಲ್ಲಿ ಬಿರುಕು ಕಾಣಿಸತೊಡಗಿತು. 2018ರ ಹೊತ್ತಿಗೆ ಹತ್ತಾರು ವಿಮಾನಗಳು ನೆಲ ಹಿಡಿದವು. ರಿಪೇರಿಯೂ ಕಂಪನಿಯದು, ಪರಿಹಾರವೂ ಕಂಪನಿಯದು. 2023ರ ನವೆಂಬರ್‌ನಲ್ಲಿ ದುಬೈ ಏರ್ ಶೋದಲ್ಲಿ ಎಮಿರೇಟ್ಸ್ ಮುಖ್ಯಸ್ಥ ಟಿಮ್ ಕ್ಲಾರ್ಕ್, ದೊಡ್ಡ ಎ350ಯ ಎಕ್ಸ್‌ಡಬ್ಲ್ಯುಬಿ-97 ಎಂಜಿನ್ ಮರುಭೂಮಿಯಲ್ಲಿ ಬಾಳಿಕೆ ಬರುವುದಿಲ್ಲ ಎಂದು ಬಹಿರಂಗವಾಗಿಯೇ ದೂರಿದರು. ಮಾರಲು ಬಂದವರ ಸಂತೆಯಲ್ಲಿ ಕೊಳ್ಳುವವನು ಹೀಗೆ ಗಟ್ಟಿಯಾಗಿ ಬೈದರೆ ಕಿವಿಗೊಡಬೇಕು. ಸುಧಾರಿಸಿದ ಟರ್ಬೈನ್ ಎಲೆಗಳಿಗೆ ಕಂಪನಿ ಕೋಟಿಗಟ್ಟಲೆ ಸುರಿಯುತ್ತಿದೆ. ವರದಿಯಲ್ಲಿ ನೀವು ಹುಡುಕಬೇಕಾದ್ದು ಇದನ್ನೇ: ಯಾವ ಎಂಜಿನ್ನಿನ ಬಾಳಿಕೆ ಎಷ್ಟು ಏರಿತು, ಹೊಸ ಎಲೆಗೆ ಮಂಜೂರಾತಿ ಸಿಕ್ಕಿತೇ, ಎಷ್ಟು ವಿಮಾನ ಎಂಜಿನ್ ಇಲ್ಲದೆ ನಿಂತಿವೆ.

ಇದು ಒಂದೇ ಕಂಪನಿಯ ಸಮಸ್ಯೆ ಅಂದುಕೊಳ್ಳಬೇಡಿ. ಅಮೆರಿಕದ ಇನ್ನೊಂದು ಎಂಜಿನ್ ಕಂಪನಿ ಪ್ರ್ಯಾಟ್ ಆ್ಯಂಡ್ ವಿಟ್ನಿಯ ಎಂಜಿನ್ ಭಾಗಗಳಿಗೆ ಬಳಸಿದ ಲೋಹದ ಪುಡಿಯಲ್ಲಿ ದೋಷ ಇದೆ ಎಂದು 2023ರ ಜುಲೈ 25ರಂದು ಗೊತ್ತಾಯಿತು. ಅದರ ಮಾತೃಸಂಸ್ಥೆ ಆರ್‌ಟಿಎಕ್ಸ್ ಷೇರು ಅದೇ ದಿನ ನೂರಕ್ಕೆ ಹತ್ತರಷ್ಟು ಬಿತ್ತು. ಇಂಡಿಗೊದ ಹತ್ತಾರು ವಿಮಾನಗಳು ನಿಂತಿದ್ದು ನಿಮಗೆ ನೆನಪಿರಬಹುದು.

ಹೆಜ್ಜೆ 5: ಲಾಭದ ಸಾಲು ಬಿಡಿ, ನಗದಿನ ಸಾಲು ನೋಡಿ

ಎಂಜಿನ್ ವ್ಯಾಪಾರ ನಡೆಯುವುದು ಡಾಲರಿನಲ್ಲಿ. ಡರ್ಬಿಯಲ್ಲಿ ಸಂಬಳ ಕೊಡುವುದು ಪೌಂಡಿನಲ್ಲಿ. ಹಾಗಾಗಿ ಮುಂದೆ ಬರುವ ಡಾಲರನ್ನು ಇಂಥ ದರಕ್ಕೇ ಮಾರುತ್ತೇವೆ ಎಂದು ಬ್ಯಾಂಕುಗಳ ಜೊತೆ ಮೊದಲೇ ಮಾತಾಗಿರುತ್ತದೆ. ಬ್ರೆಕ್ಸಿಟ್ ಮತದಾನದ ನಂತರ ಪೌಂಡ್ ಕುಸಿದಾಗ ಆ ಒಪ್ಪಂದಗಳೆಲ್ಲ ಪುಸ್ತಕದಲ್ಲಿ ನಷ್ಟವಾಗಿ ಕೂತವು. 2016ಕ್ಕೆ ತೋರಿಸಿದ ನಷ್ಟ 460 ಕೋಟಿ ಪೌಂಡ್, ಅದರಲ್ಲಿ ಬಹುಪಾಲು ಇದೇ. ಕೈಯಿಂದ ಅಷ್ಟು ಹಣ ಆ ವರ್ಷ ಹೋಗಿರಲಿಲ್ಲ. ಅದಕ್ಕೇ ಬರೀ ‘ಲಾಭ’, ‘ನಷ್ಟ’ ಎಂಬ ಹೆಡ್‌ಲೈನ್ ನೋಡಿ ಓಡಬಾರದು.

ಕೈಗೆ ಉಳಿದ ನಗದು ಎಷ್ಟು ನೋಡಿ. 2022ರಲ್ಲಿ 50 ಕೋಟಿ ಪೌಂಡ್, 2023ರಲ್ಲಿ ಸುಮಾರು 130 ಕೋಟಿ, 2024ರಲ್ಲಿ 240 ಕೋಟಿ. 2023ರ ಜನವರಿಯಲ್ಲಿ ಚುಕ್ಕಾಣಿ ಹಿಡಿದ ತುಫಾನ್ ಎರ್ಗಿನ್‌ಬಿಲ್ಗಿಚ್ ಹಳೇ ಒಪ್ಪಂದಗಳ ದರ ಏರಿಸಿದರು, ಖರ್ಚು ಕತ್ತರಿಸಿದರು. ಕಂಪನಿಯನ್ನು ಹೊತ್ತಿ ಉರಿಯುವ ವೇದಿಕೆಗೆ ಹೋಲಿಸಿ ನೌಕರರನ್ನು ಬೆಚ್ಚಿಬೀಳಿಸಿದ್ದೂ ಇವರೇ. ವಿಮಾನಗಳು ಮತ್ತೆ ಹಾರಿದ್ದು ಅವರ ಅದೃಷ್ಟ, ದರ ಏರಿಸಿದ್ದು ಅವರ ಕೆಲಸ. ಯಾವುದು ಎಷ್ಟು ಪಾಲು ಎಂಬುದರ ಮೇಲೆ ಭಾವ ಮತ್ತು ಗೆಳೆಯರು ಜಗಳವಾಡಲಿ. ನನಗೆ ಅದು ಒಳ್ಳೆಯ ಜಗಳ ಅನಿಸುತ್ತದೆ.

ಇಲ್ಲೊಂದು ಕಿವಿಮಾತು. ಗಂಟೆ ಲೆಕ್ಕದ ಹಣ ಮೊದಲು ಬರುತ್ತದೆ, ರಿಪೇರಿ ಖರ್ಚು ಆಮೇಲೆ. ಹಾರಾಟ ಜೋರಾಗಿ ಏರುವ ವರ್ಷಗಳಲ್ಲಿ ಪೆಟ್ಟಿಗೆ ತುಂಬಿದಂತೆ ಕಾಣುತ್ತದೆ. ಅದರಲ್ಲೊಂದು ಪಾಲು ಮುಂದಿನ ರಿಪೇರಿಗೆ ಎತ್ತಿಡಬೇಕಾದ ಮುಂಗಡ. ಆ ಬಾಕಿ ಎಷ್ಟು ಬೆಳೆಯಿತು ಎಂಬುದೂ ಫಲಿತಾಂಶದಲ್ಲಿ ಬೇರೆ ಸಾಲಾಗಿ ಇರುತ್ತದೆ. ಅದನ್ನು ಕಳೆದು ನೋಡಿ.

ಹೆಜ್ಜೆ 6: ಷೇರುಗಳ ಸಂಖ್ಯೆ ಎಣಿಸಿ

‘ಕೊರೊನಾಕ್ಕೆ ಮುಂಚೆ ಎಷ್ಟಿತ್ತು, ಈಗ ಎಷ್ಟಿದೆ’ ಎನ್ನುವವರು ಮರೆಯುವ ಲೆಕ್ಕ ಇದು. 2020ರ ಅಕ್ಟೋಬರ್‌ನಲ್ಲಿ ಕಂಪನಿ 200 ಕೋಟಿ ಪೌಂಡ್ ಎತ್ತಲು ಪ್ರತಿ 3 ಷೇರಿಗೆ 10 ಹೊಸ ಷೇರು ಕೊಟ್ಟಿತು, ತಲಾ 32 ಪೆನ್ಸಿಗೆ. ಪ್ರಕಟಣೆಗೆ ಮುಂಚಿನ ಬೆಲೆ 130 ಪೆನ್ಸ್. ಪೆನ್ಸಿಲ್ ತೆಗೆದುಕೊಳ್ಳಿ. ಹಳೇ 3 ಷೇರು, 390 ಪೆನ್ಸ್. ಹೊಸ 10 ಷೇರು, 320 ಪೆನ್ಸ್. ಒಟ್ಟು 13 ಷೇರಿಗೆ 710. ತಲಾ 54.6. ಅಂದರೆ ಹಳೇ 130 ಎನ್ನುವುದು ಹೊಸ ಲೆಕ್ಕದಲ್ಲಿ 55ಕ್ಕೂ ಕಮ್ಮಿ.

ಸುಮಾರು 190 ಕೋಟಿ ಇದ್ದ ಷೇರು ಒಂದೇ ಏಟಿಗೆ 830 ಕೋಟಿ ದಾಟಿದವು. ಒಂದು ಷೇರಿನ ಬೆಲೆ ನೋಡಿ ಅಗ್ಗ, ದುಬಾರಿ ಅನ್ನಬೇಡಿ. ಒಟ್ಟು ಷೇರಿನ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ಹೆಜ್ಜೆ 5ರ ನಗದಿನಿಂದ ಭಾಗಿಸಿ. 10 ಪೌಂಡ್ ಬೆಲೆಗೆ ಇಡೀ ಕಂಪನಿ 8,000 ಕೋಟಿ ಪೌಂಡಿಗೂ ಜಾಸ್ತಿ. 2024ರ ನಗದಿಗೆ ಹೋಲಿಸಿದರೆ ಮೂವತ್ತೈದು ಪಟ್ಟು ಆಸುಪಾಸು. ಈ ಬೆಲೆ ಕೊಡುವವನು ನಗದು ಇನ್ನೂ ಚೆನ್ನಾಗಿ ಬೆಳೆಯುತ್ತದೆ ಎಂದು ನಂಬಿರಲೇಬೇಕು. ಭಾವನ ಗೆಳೆಯರನ್ನು ಕೇಳಬೇಕಾದ್ದು ಆ ನಂಬಿಕೆಗೆ ಕಾರಣ.

ಹೆಜ್ಜೆ 7: ಕನಸಿನ ಮಾತುಗಳನ್ನು ಬೇರೆ ಬುಟ್ಟಿಗೆ ಹಾಕಿ

ಸಣ್ಣ ಅಣು ರಿಯಾಕ್ಟರ್ ಬಗ್ಗೆ ತುಂಬ ಮಾತಿದೆ. 2025ರ ಜೂನ್‌ನಲ್ಲಿ ಬ್ರಿಟನ್ ಸರ್ಕಾರ ಇವರನ್ನೇ ಆರಿಸಿದ್ದು ನಿಜ. ಆದರೆ ಅಲ್ಲಿಂದ ಕರೆಂಟ್ ಬರುವ ಮಾತು 2030ರ ದಶಕದ್ದು. ಅಲ್ಟ್ರಾಫ್ಯಾನ್ ಎಂಬ ಹೊಸ ದೊಡ್ಡ ಎಂಜಿನ್ನನ್ನು 2023ರಲ್ಲಿ ಡರ್ಬಿಯಲ್ಲಿ ಓಡಿಸಿ ನೋಡಿದ್ದಾರೆ, ಅದನ್ನು ಹೊತ್ತು ಹಾರುವ ವಿಮಾನ ಇನ್ನೂ ಇಲ್ಲ. ಇವು ಸುಳ್ಳಲ್ಲ, ಆದರೆ ಇವತ್ತಿನ ನಗದೂ ಅಲ್ಲ.

ನಮ್ಮೂರಿಂದ ನೋಡುವವರಿಗೆ

ಬ್ರಿಟನ್‌ನಲ್ಲಿರುವ ಕನ್ನಡಿಗರು ಅಲ್ಲಿನ ಐಎಸ್‌ಎ ಎಂಬ ತೆರಿಗೆರಹಿತ ಉಳಿತಾಯ ಖಾತೆಯಲ್ಲೇ ಕೊಳ್ಳಬಹುದು, ಕೊಂಡಾಗ ನೂರಕ್ಕೆ ಅರ್ಧದಷ್ಟು ಸ್ಟ್ಯಾಂಪ್ ಡ್ಯೂಟಿ ಬೀಳುತ್ತದೆ. ಇಲ್ಲಿಂದ ಕೊಳ್ಳುವುದಾದರೆ ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಮಿತಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್. ತೆರಿಗೆ ವಿಷಯಕ್ಕೆ ಆಡಿಟರನ್ನು ಕೇಳಿ.

ಎಚ್‌ಎಎಲ್‌ಗೆ ಈ ಏಳೂ ಹೆಜ್ಜೆ ಹಾಗೇ ಹೊಂದುವುದಿಲ್ಲ. ರೋಲ್ಸ್ ರಾಯ್ಸ್ ಲೈಸೆನ್ಸಿನಲ್ಲಿ ಜಾಗ್ವಾರ್, ಹಾಕ್ ವಿಮಾನಗಳ ಅಡೂರ್ ಎಂಜಿನ್ ಬೆಂಗಳೂರಲ್ಲೇ ತಯಾರಾಗಿದೆ ನಿಜ. ಆದರೆ ಎಚ್‌ಎಎಲ್‌ನ ದೊಡ್ಡ ಗಿರಾಕಿ ಒಬ್ಬನೇ, ಸರ್ಕಾರ. ಅಲ್ಲಿ ನೋಡಬೇಕಾದ್ದು ಎಂಜಿನ್ ಹಾರಿದ ಗಂಟೆಯನ್ನಲ್ಲ, ಎಂಜಿನ್ ಬಂತೋ ಇಲ್ಲವೋ ಎಂಬುದನ್ನು. ತೇಜಸ್‌ಗೆ 2021ರಲ್ಲಿ ಜಿಇಗೆ 99 ಎಂಜಿನ್ ಹೇಳಿದ್ದರು. ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ.

ರೋಲ್ಸ್ ರಾಯ್ಸ್ ವರ್ಷದ ಲೆಕ್ಕ ಫೆಬ್ರುವರಿ ಕೊನೆಗೆ ಬರುತ್ತದೆ, ಅರ್ಧ ವರ್ಷದ್ದು ಜುಲೈ ಕೊನೆಗೆ. ಲಂಡನ್ನಿನಲ್ಲಿ ಬೆಳಿಗ್ಗೆ 7 ಗಂಟೆ. ಫೆಬ್ರುವರಿಯಲ್ಲಾದರೆ ನಮಗೆ ಮಧ್ಯಾಹ್ನ ಹನ್ನೆರಡೂವರೆ, ಊಟಕ್ಕೆ ಕೂರುವ ಹೊತ್ತು. ಭಾವನಿಗೆ ಒಂದು ನೋಟ್‌ಬುಕ್ ತೆಗೆದಿಡಲು ಹೇಳಿದ್ದೇನೆ. ಮೂರೇ ಕಾಲಂ: ಹಾರಿದ ಗಂಟೆ, ಉಳಿದ ನಗದು, ಷೇರುಗಳ ಸಂಖ್ಯೆ. ‘ಬೆಲೆಗೊಂದು ಕಾಲಂ ಬೇಡ್ವೇನೋ?’ ಅಂದರು. ಅದು ಮೊಬೈಲಲ್ಲಿ ಹೇಗೂ ದಿನಾ ನೋಡ್ತೀರಲ್ಲ ಭಾವ, ಅಂದೆ.