ಎಲ್ಲರೂ ಕೂತು ನೋಡುವ ಆಟ: ಯಕ್ಷಗಾನ ಏರ್ಪಡಿಸುವ ಮುಂಬೈ ಸಂಘಗಳಿಗೆ

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಊರಿನ ಕಲಾವಿದರು ಮುಂಬೈ ಹಾದಿ ಹಿಡಿಯುತ್ತಾರೆ. ಮಾಟುಂಗಾ, ಕುರ್ಲಾ, ಡೊಂಬಿವಲಿ, ಮೀರಾ ರೋಡ್ ಎಂದು ಮಳೆಗಾಲವಿಡೀ ಆಟವೋ ಆಟ. ಸಭಾಂಗಣ ತುಂಬುತ್ತದೆ. ಗಾಲಿಕುರ್ಚಿಯಲ್ಲಿ ಓಡಾಡುವವರು, ಕಣ್ಣು ಕಾಣದವರು, ಕಿವಿ ಕೇಳದವರು ಮಾತ್ರ ಅಲ್ಲಿ ಕಾಣಸಿಗುವುದು ಅಪರೂಪ. ‘ಅಂಥವರು ನಮ್ಮ ಕಾರ್ಯಕ್ರಮಕ್ಕೆ ಬರುವುದೇ ಇಲ್ಲವಲ್ಲ, ವ್ಯವಸ್ಥೆ ಯಾಕೆ?’ ಎಂದು ಸಮಿತಿ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ದಾರಿ ಮಾಡಿಕೊಟ್ಟಿಲ್ಲ, ಬಂದಿಲ್ಲ, ಅಷ್ಟೇ.

ದಾರಿ ಎಂದರೆ ರ‍್ಯಾಂಪ್ ಒಂದೇ ಅಲ್ಲ. ಒಳಗೆ ಬಂದು ಕೂತವರಿಗೆ ಕತೆ ತಲುಪಬೇಕು. ಇದರಲ್ಲಿ ಪಶ್ಚಿಮದ ಒಪೆರಾದವರು ನಮಗಿಂತ ಮುಂದಿದ್ದಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಒಪೆರಾ ಹೌಸ್ ಎಂದರೆ ಚರ್ನಿ ರೋಡ್ ಹತ್ತಿರದ ಬಸ್ ಸ್ಟಾಪು. ಆದರೆ ಹಾಡಿನಲ್ಲೇ ಕತೆ ಸಾಗುವ, ವೇಷವೇ ಅರ್ಧ ಮಾತಾಡುವ ಆ ಕಲೆಗೂ ನಮ್ಮ ಆಟಕ್ಕೂ ತೊಡಕುಗಳು ಹೆಚ್ಚುಕಡಿಮೆ ಒಂದೇ. ದಯೆ ದಾಕ್ಷಿಣ್ಯದ ಪ್ರಶ್ನೆಯೂ ಇಲ್ಲ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಕಲಮು ಕಲೆ ಅಂಗವಿಕಲರಿಗೂ ಎಟಕುವಂತಿರಬೇಕು ಎನ್ನುತ್ತದೆ.

ಆಮಂತ್ರಣದಿಂದಲೇ ಶುರು

ನಮ್ಮ ಆಮಂತ್ರಣ ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಬರುತ್ತದೆ, ಅದರಲ್ಲಿ ಗಣ್ಯರ ಫೋಟೊಗಳ ನಡುವೆ ಸ್ಥಳ, ಸಮಯ ಹುಡುಕಬೇಕು. ಕಣ್ಣು ಕಾಣದವರ ಫೋನಿನಲ್ಲಿರುವ ಓದುವ ತಂತ್ರಾಂಶಕ್ಕೆ ಆ ಚಿತ್ರದಲ್ಲಿ ಏನೂ ಸಿಗದಿರಬಹುದು. ಕೆಳಗೆ ಅದೇ ವಿವರವನ್ನು ಅಕ್ಷರದಲ್ಲಿ ಟೈಪಿಸಿ. ಯೂನಿಕೋಡ್‌ನಲ್ಲೇ ಟೈಪಿಸಿ, ಹಳೆಯ ಆಸ್ಕಿ ಫಾಂಟಿನ ಪಿಡಿಎಫ್ ಕಳಿಸಿದರೆ ಫೋನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಒದರುತ್ತದೆ. ಕೊನೆಗೆ ಒಂದು ಸಾಲು ಸೇರಿಸಿ: ‘ನಿಮಗೆ ಯಾವ ವ್ಯವಸ್ಥೆ ಬೇಕು, ವಾರ ಮೊದಲೇ ತಿಳಿಸಿ.’ ಫೋನ್ ನಂಬರಿನ ಜೊತೆ ಮೆಸೇಜ್ ಮಾಡಬಹುದು ಎಂದೂ ಬರೆಯಿರಿ. ಕಿವಿ ಕೇಳದವರಿಗೆ ಬರೀ ಫೋನ್ ನಂಬರಿನಿಂದ ಏನು ಪ್ರಯೋಜನ?

ಟೇಪು ಹಿಡಿದು ಸಭಾಂಗಣಕ್ಕೆ

ಮುಂಗಡ ಕೊಡುವ ಮೊದಲು ಅಳೆಯಿರಿ. ಬಾಗಿಲು ಕನಿಷ್ಠ 900 ಮಿಲಿಮೀಟರ್ ಅಗಲ ಇರಬೇಕು, ಶೌಚಾಲಯದ್ದೂ ಸೇರಿ. ರ‍್ಯಾಂಪಿನ ಲೆಕ್ಕ ಒಂದಕ್ಕೆ ಹನ್ನೆರಡು: ಆರಿಂಚಿನ ಮೂರು ಮೆಟ್ಟಿಲಿದ್ದರೆ ಹದಿನೆಂಟು ಅಡಿ ಉದ್ದ. ಮಂಟಪದವರು ಆರಡಿಯ ಪ್ಲೈವುಡ್ ಒರಗಿಸಿ ‘ಆಯ್ತು ಸಾರ್’ ಎನ್ನುತ್ತಾರೆ, ಒಪ್ಪಬೇಡಿ. ಮಳೆಗಾಲ ಬೇರೆ, ಮೇಲೆ ಜಾರದ ಮ್ಯಾಟ್ ಇರಲೇಬೇಕು. ‘ನಾಲ್ಕು ಹುಡುಗರು ಎತ್ತಿ ಕೂರಿಸುತ್ತಾರೆ’ ಎಂಬ ಮಾತನ್ನಂತೂ ಆಡಲೇಬೇಡಿ. ಎತ್ತಿಸಿಕೊಳ್ಳಲು ಯಾರಿಗೆ ಇಷ್ಟ?

ಒಂದು ಗಾಲಿಕುರ್ಚಿಗೆ 900 ಗುಣಿಸು 1200 ಮಿಲಿಮೀಟರ್ ಜಾಗ, ಪಕ್ಕದಲ್ಲೇ ಜೊತೆಗೆ ಬಂದವರಿಗೊಂದು ಕುರ್ಚಿ. ಎಲ್ಲರನ್ನೂ ಕೊನೆಯ ಸಾಲಿಗೆ ತಳ್ಳದೆ ಎರಡು ಮೂರು ಕಡೆ ಜಾಗ ಬಿಡಿ. ವೇದಿಕೆಗೂ ದಾರಿ ಬೇಕು. ಸನ್ಮಾನ ಸ್ವೀಕರಿಸುವವರೇ ಗಾಲಿಕುರ್ಚಿಯಲ್ಲಿ ಬಂದರೆ?

ಪದ್ಯ ಪರದೆಗೆ, ಅರ್ಥಕ್ಕೆ ದುಭಾಷಿ

1983ರಲ್ಲಿ ಟೊರಾಂಟೊದ ಕೆನಡಿಯನ್ ಒಪೆರಾ ಕಂಪನಿ ವೇದಿಕೆಯ ಮೇಲ್ಭಾಗದಲ್ಲಿ ಹಾಡಿನ ಅನುವಾದ ತೋರಿಸಲು ಶುರುಮಾಡಿತು. ಭಾಷೆ ಬಾರದವರಿಗೆಂದು ಹಾಕಿದ್ದು ಕಿವಿ ಕೇಳದವರಿಗೂ ಒದಗಿತು. ಸ್ವರಲಿಪಿ ಓದಬಲ್ಲವರೊಬ್ಬರು ನೋಡುತ್ತಾ ಕೂತು, ಸರಿಯಾದ ಹೊತ್ತಿಗೆ ಸಾಲು ಬದಲಿಸುವ ಸೂಚನೆ ಕೊಡುತ್ತಾರೆ.

ಆಟದಲ್ಲಿ ಹಾಡುವ ಭಾಗವತರ ಪದ್ಯಕ್ಕೆ ಇದು ಹೇಳಿಮಾಡಿಸಿದಂತಿದೆ. ಪ್ರಸಂಗದ, ಅಂದರೆ ಆಡುವ ಕತೆಯ, ಪದ್ಯಗಳು ಮೊದಲೇ ಕೈಯಲ್ಲಿರುತ್ತವೆ. ಯಾವುದನ್ನು ಬಿಡುತ್ತೀರಿ ಎಂದು ಭಾಗವತರನ್ನು ಕೇಳಿ ಪಟ್ಟಿ ಮಾಡಿ, ಸ್ಲೈಡಿಗೆ ಎರಡೇ ಸಾಲು, ಕಪ್ಪು ಹಿನ್ನೆಲೆಗೆ ದೊಡ್ಡ ಬಿಳಿ ಅಕ್ಷರ. ಪದ್ಯ ಕೇಳಿದ ಕೂಡಲೇ ಗುರುತಿಸುವ ಹವ್ಯಾಸಿ ಒಬ್ಬರನ್ನು ಲ್ಯಾಪ್‌ಟಾಪಿಗೆ ಕೂರಿಸಿ. ಕಂಪ್ಯೂಟರ್ ಬಲ್ಲ ಹುಡುಗನಿಗಿಂತ ತಾಳ ಬಲ್ಲ ಮಾಮ ವಾಸಿ. ಕನ್ನಡದ ಜೊತೆ ಇಂಗ್ಲಿಷ್ ಅಥವಾ ಮರಾಠಿಯಲ್ಲಿ ಭಾವಾರ್ಥವೂ ಇರಲಿ. ಇಲ್ಲಿನ ಶಾಲೆಗಳಲ್ಲಿ ಕಲಿತ ಕಿವುಡ ಮಕ್ಕಳಿಗೆ ಕನ್ನಡ ಲಿಪಿ ಬರಬೇಕೆಂದೇನಿಲ್ಲ. ನಮ್ಮದೇ ಮೂರನೇ ತಲೆಮಾರಿಗೂ ಬರುವುದು ಅಷ್ಟಕ್ಕಷ್ಟೇ.

ತೊಡಕಿರುವುದು ಅರ್ಥದಲ್ಲಿ, ಅಂದರೆ ಪಾತ್ರಗಳ ಮಾತಿನಲ್ಲಿ. ವೇಷಧಾರಿ ಸ್ಥಳದಲ್ಲೇ ಹುಟ್ಟಿಸಿ ಆಡುವ ಮಾತಿಗೆ ಸ್ಲೈಡ್ ಎಲ್ಲಿಂದ ತರುವುದು? ಅಲ್ಲಿ ಭಾರತೀಯ ಸಂಜ್ಞಾ ಭಾಷೆಯ ದುಭಾಷಿಗಳೇ ಬೇಕು, ಇಬ್ಬರು, ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಬದಲಾಗುತ್ತಾ. ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸುವುದು ಒಳ್ಳೆಯ ಆರಂಭ. ದುಭಾಷಿಗಳಿಗೆ ಕನ್ನಡ ಬಾರದಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಪ್ರಸಂಗದ ಸಾರಾಂಶ ಮೊದಲೇ ಕಳಿಸಿ, ಆಟದ ಹೊತ್ತಿಗೆ ಕನ್ನಡದಿಂದ ಹಿಂದಿಗೆ ತರುವವರೊಬ್ಬರು ಅವರ ಕಿವಿಗೆ ಹೇಳುತ್ತಿರಲಿ. ದುಭಾಷಿ ನಿಲ್ಲುವ ಜಾಗಕ್ಕೆ ಪ್ರತ್ಯೇಕ ಬೆಳಕು ಬೇಕು, ಉಡುಪು ಗೀಟಿಲ್ಲದ ಒಂದೇ ಬಣ್ಣದ್ದಾಗಿರಬೇಕು. ದುಭಾಷಿಯೂ ವೇಷವೂ ಒಟ್ಟಿಗೆ ಕಣ್ಣಿಗೆ ಬೀಳುವ ಕಡೆ ಕಿವುಡರಿಗೆ ಆಸನ ಕಾದಿರಿಸಿ. ಸಭಾ ಕಾರ್ಯಕ್ರಮವನ್ನು ಅರ್ಧ ಗಂಟೆಗೆ ಮುಗಿಸಿದರೆ ದುಭಾಷಿಗಳೇನು, ಇಡೀ ಸಭಾಂಗಣವೇ ಹರಸೀತು.

ಕಣ್ಣು ಕಾಣದವರನ್ನು ಚೌಕಿಗೆ ಕರೆದೊಯ್ಯಿರಿ

ಭಾಗವತಿಕೆ, ಅರ್ಥ ಎರಡೂ ಕೇಳುತ್ತವೆ. ಆದರೆ ಪದ್ಯ ನಿಂತು ಚೆಂಡೆಗೆ ಕುಣಿತ ಸಾಗುವಾಗ ಕಣ್ಣು ಕಾಣದವರಿಗೆ ಸಿಗುವುದು ಗೆಜ್ಜೆಯ ಸದ್ದಷ್ಟೇ. ಒಪೆರಾ ಮನೆಗಳಲ್ಲಿ ಇಂಥ ಪ್ರೇಕ್ಷಕರನ್ನು ಪ್ರದರ್ಶನಕ್ಕೆ ಮೊದಲೇ ಕರೆದು ಉಡುಪು, ರಂಗಸಜ್ಜಿಕೆ ಮುಟ್ಟಿಸುತ್ತಾರೆ. ನಾವೂ ಕಲಾವಿದರ ಒಪ್ಪಿಗೆ ಪಡೆದು ಒಂದೆರಡು ಗಂಟೆ ಮೊದಲು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಬಿಡಿ ಸಾಮಗ್ರಿ ಜೋಡಿಸಿಡಬಹುದು: ಕಿರೀಟ, ಭುಜಕೀರ್ತಿ, ಎದೆಕಟ್ಟು, ಗೆಜ್ಜೆ. ರಾಕ್ಷಸ ಪಾತ್ರದ ಬಣ್ಣದ ವೇಷದವರ ಮುಖಕ್ಕೆ ಮಾತ್ರ ಕೈ ಬೇಡ. ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಇಟ್ಟ ಚಿಟ್ಟಿ ಉದುರೀತು.

ಆಟದ ಹೊತ್ತಿಗೆ ಕಿವಿಯಲ್ಲಿ ವಿವರಣೆ. ಸಮ್ಮೇಳನಗಳಿಗೆ ಅನುವಾದದ ಹೆಡ್‌ಫೋನ್ ಬಾಡಿಗೆಗೆ ಕೊಡುವವರ ಸಾಧನವೇ ಸಾಕು, ಒಂದೇ ಕಿವಿಯದ್ದಾದರೆ ಒಳ್ಳೆಯದು. ವಿವರಣೆಕಾರ ಪದ್ಯ, ಅರ್ಥದ ಮೇಲೆ ಮಾತಾಡಬಾರದು. ‘ಕರ್ಣನಿಗೆ ಬೇಸರವಾಯಿತು’ ಎನ್ನಬೇಡಿ, ‘ಕರ್ಣ ಬಿಲ್ಲು ಕೆಳಗಿಟ್ಟ, ಬೆನ್ನು ತಿರುಗಿಸಿ ನಿಂತ’ ಎನ್ನಿ. ಬೇಸರ ಕೇಳುಗರಿಗೆ ತಾನಾಗಿ ತಿಳಿಯುತ್ತದೆ.

ಚೆಂಡೆಯ ಏಟು

ಆಟಿಸಂ ಇರುವ ಕೆಲವರಿಗೆ ಚೆಂಡೆಯ ಹಠಾತ್ ಸದ್ದು ಸಹಿಸಲು ಆಗದು. ಸ್ಪೀಕರಿನಿಂದ ದೂರದ, ಬಾಗಿಲ ಹತ್ತಿರದ ಆಸನ, ಹೊರಗೊಂದು ಸದ್ದಿಲ್ಲದ ಕೋಣೆ, ಎದ್ದುಹೋಗಿ ಮತ್ತೆ ಬರುವ ಸ್ವಾತಂತ್ರ್ಯ ಇದ್ದರೆ ಬಹುಪಾಲು ಆಯಿತು. ಬಯಲಿನಲ್ಲಿ ಚಾಪೆ ಹಾಸಿ ನಿದ್ದೆ ಮಾಡುತ್ತಲೇ ಆಟ ನೋಡಿದ ಜನ ನಾವು, ಸಭಾಂಗಣಕ್ಕೆ ಬಂದ ಮೇಲೆ ಶಿಸ್ತು ಕಲಿತಿದ್ದೇವೆ.

ಹೋಗಿ ಬರುವ ದಾರಿ, ಖರ್ಚು

ಮಾಟುಂಗಾದಂಥ ಕಡೆ ರಿಕ್ಷಾ ಬರುವುದಿಲ್ಲ. ಟ್ಯಾಕ್ಸಿಯ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂತಿರುವುದರಿಂದ ಗಾಲಿಕುರ್ಚಿಗೆ ಜಾಗ ಸಾಲದು. ಕಾರಿರುವ ಸದಸ್ಯರಿಬ್ಬರಿಗೆ ಈ ಕೆಲಸ ವಹಿಸಿ. ಸ್ಟೇಷನ್ನಿನ ಲಿಫ್ಟ್ ನಡೆಯುತ್ತಿದೆಯೇ ಎಂದು ಅದೇ ದಿನ ಬೆಳಿಗ್ಗೆ ಒಬ್ಬರು ಹೋಗಿ ನೋಡಿಬರಲಿ. ಖರ್ಚಿನ ಮಾತು ಬಂದರೆ, ಊಟಕ್ಕೆ, ಹೂವಿಗೆ, ಶಾಲಿಗೆ ನಮ್ಮ ಹೋಟೆಲು ಉದ್ಯಮಿಗಳು ಕೊಡುತ್ತಲೇ ಇದ್ದಾರೆ. ಈ ಸಲ ಬ್ಯಾನರಿನಲ್ಲಿ ‘ದುಭಾಷಿ ವ್ಯವಸ್ಥೆಯ ಪ್ರಾಯೋಜಕರು’ ಎಂದು ಒಂದು ಸಾಲು ಖಾಲಿ ಬಿಟ್ಟು ಅವರ ಮುಂದೆ ಹಿಡಿಯಿರಿ.